ಖುರಾಕಿನ ಖರ್ಚು

ಸಹ್ಯಾದ್ರಿಯ ಮಗ್ಗುಲಿನಿಂದ ಇಳಿದು ಬರುವ ವೇದಗಂಗೆಯು ದೂಧಗಂಗೆಯನ್ನೂ, ದೂಧಗಂಗೆಯು ಕೃಷ್ಣೆಯನ್ನೂ ಕೂಡಿಕೊಳ್ಳುವ ಸೀಮೆಯಲ್ಲಿ, ಎಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸುತ್ತಿನ ಹಳ್ಳಿಗಳಲ್ಲಿ, ದೇಹಬಲವೆಂಬುದು ಒಬ್ಬನ ಸ್ವಂತ ಆಸ್ತಿಯೆಂದು ಜನರು ಬಹುಕಾಲ ಭಾವಿಸಿರಲಿಲ್ಲ. ಹನುಮಪ್ಪನ ಗುಡಿಯ ಬಳಿಯಲ್ಲೇ ತಾಲೀಮು. ಅದರ ನಸುಗತ್ತಲೆಯ ಕೆಮ್ಮಣ್ಣಿನಲ್ಲಿ ನಸುಕಿನಿಂದಲೇ ಬೆವರು ಸುರಿಸುವ ಹತ್ತಾರು ಹುಡುಗರು. ಅವರ ನಡುವೆ ಊರಿನ ಹೆಸರನ್ನು ಹೆಗಲ ಮೇಲೆ ಹೊತ್ತು ಜಾತ್ರೆಯ ಕಣಕ್ಕಿಳಿಯಬಲ್ಲ ಒಬ್ಬ ಪೈಲವಾನ. ಅವನು ಚಿತ್ ಆದರೆ ಊರೇ ಮಣ್ಣು ಮುಕ್ಕಿದಂತೆ. ಆದಕಾರಣ ಅವನು ಎಷ್ಟು ಬಸ್ಕಿ ಹೊಡೆದನು, ಎಷ್ಟು ಹಾಲು ಕುಡಿದನು ಎಂಬ ವಿಚಾರವು ಅವನ ಮನೆಯ ಹೊಸ್ತಿಲನ್ನು ದಾಟಿ ಚಾವಡಿಯ ಮಾತಾಗುತ್ತಿತ್ತು. ಹಸಿವಿಗೆ ಉಣ್ಣುವ ರೊಟ್ಟಿ ಬದನೆಕಾಯಿಯನ್ನು ಈ ಲೆಕ್ಕಕ್ಕೆ ಯಾರೂ ಹಿಡಿಯುತ್ತಿರಲಿಲ್ಲ. ಅದು ಎಲ್ಲರಂತೆ ಅವನಿಗೂ ಸಲ್ಲುವ ಊಟ. ಅದರ ಮೇಲೆ, ಕಸುವಿಗಾಗಿಯೇ, ಬೇರೆಯಾಗಿ ಒದಗಿಸುವ ಹಾಲು, ತುಪ್ಪ, ಬದಾಮಿಗಳೇ ಖುರಾಕು. ಈ ಖುರಾಕಿನ ಚರಿತ್ರೆಯನ್ನು ಹಿಂಬಾಲಿಸಿ ಹೋದರೆ, ತಿನ್ನುವ ಪದಾರ್ಥಗಳು ಶತಮಾನಗಳ ಉದ್ದಕ್ಕೂ ಅಷ್ಟೇನೂ ಮಾರ್ಪಡದೆ ಉಳಿದಿರುವುದೂ, ಅದರ ಖರ್ಚನ್ನು ಹೊರುವ ಕೈಗಳು ಮಾತ್ರ ಮೇಲಿಂದ ಮೇಲೆ ಬದಲಾಗಿರುವುದೂ ಕಾಣಬರುತ್ತವೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜನ ವಿನೋದಗಳನ್ನು ವರ್ಣಿಸುವಾಗ ಮಲ್ಲವಿನೋದಕ್ಕೂ ಒಂದು ಸ್ಥಾನವನ್ನು ಕಲ್ಪಿಸಿರುವನು. ಅಲ್ಲಿ ಮಲ್ಲರನ್ನು ವಯಸ್ಸು, ಗಾತ್ರ, ಬಲಗಳಿಗನುಸಾರವಾಗಿ ವಿಂಗಡಿಸುವ ಕ್ರಮವಿದೆ, ವ್ಯಾಯಾಮದ ವಿಧಾನವಿದೆ, ಜೊತೆಗೆ ಅವರಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಉತ್ತಮ ಭಕ್ಷ್ಯಗಳನ್ನು ಒದಗಿಸುವ ಹೊಣೆಯನ್ನು ಅರಸನ ಮೇಲೆಯೇ ಹೊರಿಸಲಾಗಿದೆ. ಬರೆದವನು ಪಂಡಿತನಷ್ಟೇ ಆಗಿರದೆ ಆ ಖರ್ಚನ್ನು ತೆರುವ ಅರಸನೂ ಆಗಿದ್ದನೆಂಬುದನ್ನು ಓದುವವರು ಮರೆಯಲಾಗದು. ಇದಾದ ಸುಮಾರು ನಾಲ್ಕು ನೂರು ವರ್ಷಗಳ ತರುವಾಯ, 1520ರ ಹೊತ್ತಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಸ ಪ್ರವಾಸಿ ಡೊಮಿಂಗೊ ಪಾಯೆಸನು ಕೃಷ್ಣದೇವರಾಯನ ದಿನಚರಿಯನ್ನು ಬಣ್ಣಿಸಿರುವನು: ಅರುಣೋದಯಕ್ಕೆ ಮುನ್ನವೇ ಎಳ್ಳೆಣ್ಣೆಯನ್ನು ಕುಡಿದು, ಅದೇ ಎಣ್ಣೆಯನ್ನು ಮೈಗೆಲ್ಲ ಪೂಸಿಕೊಂಡು, ಭಾರವಾದ ಮಣ್ಣಿನ ಗುಂಡುಗಳನ್ನೆತ್ತಿ, ಕತ್ತಿ ತಿರುವಿ, ಕುಡಿದ ಎಣ್ಣೆಯೆಲ್ಲ ಬೆವರಾಗಿ ಹೊರಬರುವ ತನಕ ಸಾಮು ಮಾಡಿ, ಅನಂತರ ತನ್ನ ಮಲ್ಲರಲ್ಲೊಬ್ಬನೊಡನೆ ಕುಸ್ತಿ ಹಿಡಿದು, ಕೊನೆಗೆ ಕುದುರೆಯೇರಿ ಬಯಲಿನಲ್ಲಿ ಓಡಾಡುತ್ತಿದ್ದನಂತೆ. ಕುಡಿದ ಎಣ್ಣೆಯೇ ಬೆವರಾಗಿ ಹೊರಡುವುದೆಂಬುದನ್ನು ಇಂದಿನ ಶರೀರಶಾಸ್ತ್ರಜ್ಞರು ಒಪ್ಪಲಾರರು. ಪರಂತು ವ್ಯಾಯಾಮಕ್ಕೆ ಮೊದಲು ಏನನ್ನಾದರೂ ಕುಡಿದರೆ ದಣಿವು ದೂರ ಸರಿಯುವುದೆಂಬ ನಂಬಿಕೆ ನಮ್ಮ ನಾಡಿನಲ್ಲಿ ನಿನ್ನೆ ಮೊನ್ನೆಯದಲ್ಲವೆಂಬುದಕ್ಕೆ ಅದೊಂದು ಸಾಕ್ಷಿ.

ನಮ್ಮ ಐದು ಊರುಗಳ ಸಂಗತಿಗೆ ಬರುವುದಾದರೆ, ಅಲ್ಲಿನ ಮಲ್ಲವಿದ್ಯೆಯ ಮುಖವು ಬೆಳಗಾವಿಗಿಂತಲೂ ಹೆಚ್ಚಾಗಿ ಕೊಲ್ಹಾಪುರದ ಕಡೆಗೆ ತಿರುಗಿರುವುದನ್ನು ಮೊದಲು ಗಮನಿಸಬೇಕು. ಇದಕ್ಕೆ ರಾಜಕೀಯ ಕಾರಣವೂ ಉಂಟು. ಚಿಕ್ಕೋಡಿಯ ಸೀಮೆಯು ಹತ್ತೊಂಬತ್ತನೆಯ ಶತಮಾನದ ಮೊದಲ ಮೂರು ದಶಕಗಳಲ್ಲಿ ಕೊಲ್ಹಾಪುರದರಸರಿಗೂ ಪೇಶವೆಗಳಿಗೂ ಇಂಗ್ಲಿಷರಿಗೂ ನಡುವೆ ಕೈಯಿಂದ ಕೈಗೆ ದಾಟಿ ಕೊನೆಗೆ ಇಂಗ್ಲಿಷರಲ್ಲಿ ನಿಂತಿತು. ನಿಪ್ಪಾಣಿಯಲ್ಲಿ ನಿಂಬಾಳಕರ ದೇಸಾಯರು ಕೋಟೆ ಕಟ್ಟಿಕೊಂಡಿದ್ದರು. ರಾಯಬಾಗವಂತೂ ಸುತ್ತಲೂ ಪರರ ನೆಲವಿದ್ದರೂ ಸಂಸ್ಥಾನಗಳು ಅಳಿಯುವವರೆಗೆ ಕೊಲ್ಹಾಪುರದ ತುಂಡಾಗಿಯೇ ಉಳಿಯಿತು. ಮೀರಜ ಮತ್ತು ಬೆಳಗಾವಿಗಳ ನಡುವೆ ರೈಲುದಾರಿ ಬಿದ್ದು ಶೇಡಬಾಳ, ಉಗಾರ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡುಗಳಲ್ಲಿ ಗಾಡಿ ನಿಲ್ಲತೊಡಗಿದ ಮೇಲೆ, 1891ರಲ್ಲಿ ಮೀರಜದಿಂದ ಕೊಲ್ಹಾಪುರಕ್ಕೂ ಹಳಿ ಹಾಸಿದ ಮೇಲೆ, ಬುತ್ತಿ ಕಟ್ಟಿಕೊಂಡು ಹೊರಟ ಹಳ್ಳಿಯ ಹುಡುಗನು ಒಂದೇ ದಿನದಲ್ಲಿ ಅಲ್ಲಿಯ ತಾಲೀಮಿನ ಬಾಗಿಲಲ್ಲಿ ನಿಲ್ಲುವುದು ಸಾಧ್ಯವಾಯಿತು. ಮನೆಯಲ್ಲಿ ಕನ್ನಡವಾಡುತ್ತಿದ್ದವನು ತಾಲೀಮಿನ ಗುರುವಾದ ವಸ್ತಾದನ ಮುಂದೆ ಮರಾಠಿಯಲ್ಲಿ ತಲೆದೂಗುತ್ತಿದ್ದನು.

ಅಲ್ಲಿ ಅವನನ್ನು ಎದುರುಗೊಂಡದ್ದು ಛತ್ರಪತಿ ಶಾಹೂ ಮಹಾರಾಜರ ಆಶ್ರಯ. 1894ರಲ್ಲಿ ಅಧಿಕಾರವನ್ನು ವಹಿಸಿಕೊಂಡ ಅವರು ಸ್ವತಃ ದೈತ್ಯದೇಹಿಗಳು, ಕುಸ್ತಿಯ ಮರ್ಮಜ್ಞರು. 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕದ ನಿಮಿತ್ತವಾಗಿ ಯುರೋಪಿಗೆ ಹೋದಾಗ ರೋಮಿನ ಪುರಾತನ ರಂಗಸ್ಥಳವನ್ನು ಕಂಡು, ಅಂಥದೊಂದು ತಮ್ಮ ಊರಿನಲ್ಲಿಯೂ ಆಗಬೇಕೆಂದು ಬಯಸಿದರೆಂದೂ, ಅದರ ಫಲವಾಗಿಯೇ 1912ರಲ್ಲಿ ಖಾಸಬಾಗ ಮೈದಾನವು ಸಿದ್ಧವಾಯಿತೆಂದೂ ಪ್ರಸಿದ್ಧಿಯಿದೆ. ನಡುವಿನ ಕಣವನ್ನು ಎತ್ತರಿಸಿ ಸುತ್ತಲಿನ ನೆಲವನ್ನು ಮೆಟ್ಟಿಲುಮೆಟ್ಟಿಲಾಗಿ ಏರಿಸಿದ ಆ ಬಯಲಿನಲ್ಲಿ ಸುಮಾರು 30,000 ಜನರು ಕುಳಿತು, ಯಾರ ತಲೆಯೂ ಯಾರಿಗೂ ಅಡ್ಡವಾಗದಂತೆ ಕುಸ್ತಿಯನ್ನು ನೋಡಬಹುದು. ಉತ್ತರದ ಹೆಸರಾಂತ ಮಲ್ಲರನ್ನು ಮಹಾರಾಜರು ಕರೆಸಿ ಇಟ್ಟುಕೊಂಡರು. ಹೆಸರಾಂತ ಮಲ್ಲ ಗಾಮಾನ ತಮ್ಮ ಇಮಾಮಬಕ್ಷನು ಆ ಮಣ್ಣಿನ ಮೇಲೆ ಸೆಣಸಿದನು. ಆ ಉತ್ತರದವರೊಡನೆ ಅವರ ಡಾವುಗಳೂ ಬಂದವು, ಅವರ ಖುರಾಕೂ ಬಂದಿತು. ಬದಾಮಿಯನ್ನು ಹಬ್ಬದ ಪಾಯಸದಲ್ಲಿ ಎಣಿಸಿ ಹಾಕುತ್ತಿದ್ದ ಸೀಮೆಯ ಹುಡುಗರು ಅದನ್ನು ಬೊಗಸೆಯಿಂದ ಅಳೆಯುವವರನ್ನು ಕಣ್ಣಾರೆ ಕಂಡರು. ಬದಾಮಿಯ ಹಣವನ್ನು ಅರಮನೆ ಕೊಡುತ್ತಿತ್ತು.

ಆ ಬದಾಮಿಯನ್ನು ಅರೆದು ಮಾಡುವ ಪಾನೀಯವಾದ ಥಂಡಾಯಿಯ ಸಿದ್ಧತೆಯನ್ನು ಒಮ್ಮೆ ಹತ್ತಿರದಿಂದ ನೋಡತಕ್ಕದ್ದು. ರಾತ್ರಿ ನೆನೆಯಿಟ್ಟ ಬದಾಮಿಯು ಬೆಳಗಾಗುವಷ್ಟರಲ್ಲಿ ಉಬ್ಬಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿದೊಡನೆ ಸಿಪ್ಪೆಯಿಂದ ಜಾರಿ ಹೊರಬರುತ್ತದೆ. ಅದನ್ನು ಕಲ್ಲಿನ ಕುಂಡಿಯಲ್ಲಿ ಹಾಕಿ, ಕಸಕಸಿ, ಬಡೇಸೋಪು, ಕರಬೂಜದ ಬೀಜ, ನಾಲ್ಕು ಕಾಳುಮೆಣಸು, ಒಂದೆರಡು ಏಲಕ್ಕಿ ಸೇರಿಸಿ, ಕಿರಿಯ ಹುಡುಗನೊಬ್ಬನು ಕುಂಡಿಯನ್ನು ಪಾದಗಳ ನಡುವೆ ಇರುಕಿಕೊಂಡು ಕುಳಿತು, ಎದೆಮಟ್ಟದ ಕಟ್ಟಿಗೆಯ ದಂಡದಿಂದ ಅರೆಯತೊಡಗುವನು. ಮೊದಲು ಕಾಳಿನ ಕರಕರ ಸದ್ದು, ಅನಂತರ ತೇವದ ಸದ್ದು, ಕೊನೆಗೆ ದಂಡವು ಸದ್ದಿಲ್ಲದೆ ಸುತ್ತತೊಡಗಿದಾಗ ಮೂಲೆಯಿಂದ ವಸ್ತಾದನು, “ಇನ್ನs ನಾಲ್ಕು ಸುತ್ತು ತಿರುವೋ ತಮ್ಮಾ, ನಾಲಿಗಿಗೆ ಹಳಕು ಹತ್ತಬಾರದು” ಎನ್ನುವನು. ಆ ಮುದ್ದೆಯನ್ನು ಹಾಲಿನಲ್ಲಿ ಕದಡಿ ಬಟ್ಟೆಯಲ್ಲಿ ಸೋಸಿ ಹಿಂಡಿದರೆ ಥಂಡಾಯಿ. ಅರೆದ ಹುಡುಗನ ರಟ್ಟೆಗಂತೂ ಅದೇ ಒಂದು ಹೊತ್ತಿನ ಕಸರತ್ತು. ಹಿರಿಯ ಪೈಲವಾನನು ಲೋಟಾಗಟ್ಟಲೆ ಕುಡಿದು ಉಳಿಸಿದ್ದು ಅರೆದವನ ಪಾಲಿಗೆ. ಕೊಲ್ಹಾಪುರದ ಪೇಟೆಯಲ್ಲಿ ಇದರ ಜೊತೆಗೆ ಹಾಲಿನ ಕಟ್ಟೆಗಳೂ ಇದ್ದವು, ಇಂದಿಗೂ ಇವೆ: ನೀಳ ಕೊಂಬಿನ ಪಂಢರಪುರಿ ಎಮ್ಮೆಗಳನ್ನು ಗೌಳಿಗರು ಕಟ್ಟೆಯ ಬಳಿಗೆ ತಂದು ಗಿರಾಕಿಯ ಕಣ್ಣೆದುರಿಗೇ ಹಿಂಡಿ, ಲೋಟದ ನೊರೆ ಇಳಿಯುವ ಮೊದಲೇ ಕೈಗೆ ಕೊಡುವರು. ಧಾರೋಷ್ಣವಾದ ಹಾಲಿಗೆ ಕಾಯಿಸಿದ ಹಾಲಿನಲ್ಲಿಲ್ಲದ ಕಸುವುಂಟೆಂದು ಪೈಲವಾನರ ದೃಢವಾದ ನಂಬಿಕೆ. ಬಿಸಿಯನ್ನು ಬಿಟ್ಟರೆ ಅದರಲ್ಲಿ ಹೆಚ್ಚಿನದೇನಿದೆಯೆಂದು ನಾನಂತೂ ಹೇಳಲಾರೆ.

ಸೀಮೆಯ ಹಳ್ಳಿಗಳಲ್ಲಿ ಇಷ್ಟು ವೈಭವವೆಲ್ಲಿಯದು? ಅಲ್ಲಿ ಬದಾಮಿಯ ಸ್ಥಾನವನ್ನು ನೆನೆಗಡಲೆಯೂ ‘ಬಡವರ ಬದಾಮಿ’ಯೆಂದು ಕರೆಯಿಸಿಕೊಳ್ಳುವ ಶೇಂಗಾ ಬೀಜವೂ ತುಂಬುತ್ತಿದ್ದವು. ಒದ್ದೆ ಅರಿವೆಯಲ್ಲಿ ಕಟ್ಟಿ ತೂಗುಹಾಕಿದ ಕಡಲೆ ಮೊಳಕೆಯೊಡೆದಿದ್ದರೆ ಬೆಲ್ಲದ ತುಣುಕಿನೊಡನೆ ಅದೇ ಬೆಳಗಿನ ಖುರಾಕು. ಜೈನರೂ ಲಿಂಗಾಯತರೂ ವಿಪುಲವಾಗಿರುವ ಈ ಭಾಗದಲ್ಲಿ ಎಷ್ಟೋ ಪೈಲವಾನರಿಗೆ ಮಾಂಸವೂ ಮೊಟ್ಟೆಯೂ ವರ್ಜ್ಯವಾಗಿದ್ದ ಕಾರಣ ಮಾನಸೋಲ್ಲಾಸದ ಪಟ್ಟಿಯಲ್ಲಿ ಹಾಲೂ ಬೇಳೆಯೂ ಮಾತ್ರ ಅವರಿಗೆ ಸಲ್ಲುತ್ತಿದ್ದವು. ಜೈನ ಹುಡುಗನಾದರೆ ಸಂಜೆಯ ಜೋರು, ಎಂದರೆ ಕುಸ್ತಿಯ ಅಭ್ಯಾಸ, ಮುಗಿಸಿ ಹೊತ್ತು ಮುಳುಗುವುದರೊಳಗೆ ಉಂಡೇಳಬೇಕಾದ ಮತ್ತೊಂದು ಕಟ್ಟು. ಆದ್ದರಿಂದ ಎಲ್ಲ ಭಾರವೂ ಎಮ್ಮೆಯ ಮೇಲೆ ಬೀಳುತ್ತಿತ್ತು, ಎಮ್ಮೆಯ ಮೂಲಕ ಮನೆಯ ಹೆಣ್ಣುಮಕ್ಕಳ ಮೇಲೆ. ನಾಲ್ವರು ಗಂಡುಮಕ್ಕಳಲ್ಲಿ ಒಬ್ಬನನ್ನು ತಾಲೀಮಿಗೆ ಬಿಟ್ಟ ಮನೆಯಲ್ಲಿ ಕೆನೆಯೂ ಬೆಣ್ಣೆಯೂ ಅವನ ಪಾಲಾಗಿ, ಉಳಿದವರಿಗೆ ಮಜ್ಜಿಗೆ ಉಳಿಯುತ್ತಿತ್ತು. ನೆಲುವಿನ ಮೇಲಿನ ಗಡಿಗೆಗೆ ಕೈಯಿಕ್ಕಿದ ಮೊಮ್ಮಗಳಿಗೆ, “ಅದು ಪೈಲವಾನನ ತುಪ್ಪ ಐತಿ, ಮುಟ್ಟಬ್ಯಾಡವ್ವಾ” ಎಂದು ಹೇಳುವ ಅಜ್ಜಿಯ ಮಾತಿನಲ್ಲಿ ಹೆಮ್ಮೆ ಎಷ್ಟಿತ್ತೋ ಅನ್ಯಾಯವೂ ಅಷ್ಟೇ ಇತ್ತು. ಅರಸರ ಆಶ್ರಯವನ್ನು ಕುರಿತು ಪುಸ್ತಕಗಳಾಗಿವೆ. ಈ ಮಜ್ಜಿಗೆಯ ಪಾಲಿನವರ ವಿಷಯವನ್ನು ಯಾರೂ ಬರೆದಿಟ್ಟಿಲ್ಲ. ಖುರಾಕಿನ ಖರ್ಚಿನಲ್ಲಿ ಬಹುದೊಡ್ಡ ಭಾಗವನ್ನು ಸದ್ದಿಲ್ಲದೆ ತೆತ್ತವರು ಅವರೇ ಎಂಬುದು ನನ್ನ ಅಭಿಪ್ರಾಯ.

1949ರ ಮಾರ್ಚಿ 1ರಂದು ಕೊಲ್ಹಾಪುರ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, ರಾಯಬಾಗವು ಬೆಳಗಾವಿ ಜಿಲ್ಲೆಗೆ ಸೇರಿತು. ಅರಮನೆಯ ಉಗ್ರಾಣವು ಪೈಲವಾನರ ಪಾಲಿಗೆ ಮೊದಲಿನಂತೆ ತೆರೆದಿರುವುದು ಇನ್ನು ಸಾಧ್ಯವಿರಲಿಲ್ಲ. ಹೊಸ ಸರಕಾರಗಳಿಗೆ ಕ್ರೀಡೆಯೆಂಬುದು ಇನ್ನೂ ಖಾತೆಯ ಪುಸ್ತಕದ ಕೊನೆಯ ಸಾಲು. 1952ರಲ್ಲಿ ಕರಾಡದ ಬಳಿಯ ಗೋಳೇಶ್ವರದ ಖಾಶಾಬಾ ಜಾಧವರು ಹೆಲ್ಸಿಂಕಿಗೆ ಹೋಗಿ ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕವನ್ನು ತಂದರಷ್ಟೆ. ಆ ಪ್ರಯಾಣದ ಹಣಕ್ಕಾಗಿ ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಚಾರ್ಯ ಖರ್ಡೇಕರರು ತಮ್ಮ ಮನೆಯನ್ನು ಒತ್ತೆಯಿಡಬೇಕಾಯಿತು, ಊರವರು ಪಟ್ಟಿ ಎತ್ತಬೇಕಾಯಿತು. ಅರಸನ ಜಾಗಕ್ಕೆ ಒಬ್ಬ ಮೇಷ್ಟ್ರು ಬಂದು ನಿಂತಿದ್ದರು.

ಈ ಸಂಧಿಕಾಲದಲ್ಲಿಯೇ ನಮ್ಮ ಸೀಮೆಯ ಅತ್ಯಂತ ದೊಡ್ಡ ಹೆಸರು ಮೇಲೆದ್ದಿತು. ಚಿಕ್ಕೋಡಿ ತಾಲೂಕಿನ ಯಕ್ಸಂಬಾದಲ್ಲಿ ಹುಟ್ಟಿ, ಕೊಲ್ಹಾಪುರದ ತಾಲೀಮಿನಲ್ಲಿ ಪಳಗಿದ ಶ್ರೀಪತಿ ಖಂಚನಾಳೆಯವರು 1959ರಲ್ಲಿ ದಿಲ್ಲಿಯಲ್ಲಿ ಪಂಜಾಬದ ಬಂತಾಸಿಂಗರನ್ನು ಸೋಲಿಸಿ ಪ್ರಥಮ ‘ಹಿಂದಕೇಸರಿ’ಯಾದರು. 1956ರ ನವೆಂಬರ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಬೆಳಗಾವಿ ಜಿಲ್ಲೆಯು, ಚಂದಗಡ ತಾಲೂಕೊಂದನ್ನು ಬಿಟ್ಟು, ಮೈಸೂರು ರಾಜ್ಯಕ್ಕೆ ಬಂದು ಆಗ ಮೂರು ವರ್ಷವೂ ತುಂಬಿರಲಿಲ್ಲ. ಜನ್ಮಭೂಮಿ ಮೈಸೂರು ರಾಜ್ಯದಲ್ಲಿ, ತಾಲೀಮು ಮುಂಬಯಿ ರಾಜ್ಯದಲ್ಲಿ. ಗೆದ್ದ ಗದೆಯಾದರೋ ಎರಡು ಕಡೆಯವರಿಗೂ ತಮ್ಮದೇ. ಗಡಿಯನ್ನು ಕುರಿತು ಎರಡೂ ಕಡೆ ಎಷ್ಟೆಷ್ಟೋ ಭಾಷಣಗಳಾದ ದಶಕಗಳಲ್ಲಿ ಈ ಮಲ್ಲನನ್ನು ಇಬ್ಬರೂ ತಮ್ಮವನೆಂದದ್ದು ಗಡಿನಾಡಿನ ಸುದೈವಗಳಲ್ಲೊಂದು. 2020ರ ಡಿಸೆಂಬರದಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಅವರು ಕೊಲ್ಹಾಪುರದಲ್ಲಿ ತೀರಿಕೊಂಡರು.

ಅರಸರಾದ ಮೇಲೆ ಖುರಾಕಿನ ಖರ್ಚನ್ನು ಹೊತ್ತವರು ಜಾತ್ರೆಯ ಪಂಚರು. ನಿಪ್ಪಾಣಿಯ ತಂಬಾಕಿನ ಪೇಟೆಯೂ, ಕೃಷ್ಣೆಯ ದಂಡೆಯ ಕಬ್ಬೂ ರೈತರ ಕೈಯಲ್ಲಿ ರೊಕ್ಕವನ್ನು ಆಡಿಸತೊಡಗಿದವು. 1939ರಲ್ಲಿ ಉಗಾರದಲ್ಲಿ ಸ್ಥಾಪಿತವಾದ ಸಕ್ಕರೆ ಕಾರಖಾನೆಯ ಹಿಂದೆ ಕಾಲಕ್ರಮದಲ್ಲಿ ಸಹಕಾರಿ ಕಾರಖಾನೆಗಳೂ ತಲೆಯೆತ್ತಿದವು. ಜಾತ್ರೆಯಲ್ಲಿ ತೆಂಗಿನಕಾಯಿಯನ್ನಿಟ್ಟು ಆಡಿಸುವ ಹುಡುಗರ ಕುಸ್ತಿಯಿಂದ ಹಿಡಿದು, ಬೆಳ್ಳಿಯ ಕಡಗ, ಗದೆ, ನೋಟಿನ ಕಟ್ಟುಗಳನ್ನು ಪಣವಾಗಿಟ್ಟು, ಗೆಲುವು ತೀರ್ಮಾನವಾಗುವವರೆಗೆ ನಡೆಸುವ ಜಂಗೀ ನಿಕಾಲಿ ಕುಸ್ತಿಯ ತನಕ, ಹಲಗಿಯ ಬಡಿತಕ್ಕೆ ಸರಿಯಾಗಿ ಏರುತ್ತ ಹೋಗುವ ಇನಾಮೇ ಪೈಲವಾನನ ಮುಂದಿನ ವರ್ಷದ ಖುರಾಕಿಗೆ ಮೂಲಧನ. ಸೋತವನನ್ನೂ ಬರಿಗೈಯಲ್ಲಿ ಕಳಿಸದ ರೂಢಿಯಿತ್ತು. ಆದರೆ ಇದರ ನಡುವೆ ಕುಸ್ತಿಯೇ ಬದಲಾಯಿತು. ಅಂತರರಾಷ್ಟ್ರೀಯ ಸ್ಪರ್ಧೆಯು ಮಣ್ಣನ್ನು ಬಿಟ್ಟು ಮ್ಯಾಟಿನ ಮೇಲೆ, ಗಳಿಗೆಗಟ್ಟಲೆ ಹಿಡಿದು ನಿಲ್ಲುವ ಕಾದಾಟವನ್ನು ಬಿಟ್ಟು ಮೂರು ಮೂರು ನಿಮಿಷಗಳ ಎರಡು ಸುತ್ತುಗಳಿಗೆ ಬಂದು ನಿಂತಿತು. ತೂಕವೇ ಬಲವೆಂಬ ಹಳೆಯ ಲೆಕ್ಕ ತಲೆಕೆಳಗಾಯಿತು. ತುಪ್ಪದಿಂದ ಬೆಳೆದ ಹೊಟ್ಟೆ ತೂಕದ ವರ್ಗವನ್ನು ಮೀರಿಸತೊಡಗಿತು. ಹುಡುಗರು ತಾಲೀಮಿನಿಂದ ಜಿಮ್ಮಿಗೆ, ಕುಂಡಿಯಿಂದ ಪ್ರೋಟೀನ್ ಪುಡಿಯ ಡಬ್ಬಿಗೆ ಹೋದರು. ಡಬ್ಬಿಯ ಹಣವನ್ನು ಅರಮನೆಯೂ ಕೊಡದು, ಪಂಚರೂ ಕೊಡರು. ಅದು ಅಪ್ಪನ ಕಬ್ಬಿನ ಬಿಲ್ಲಿನಿಂದಲೋ ಸ್ವಂತ ಪಗಾರದಿಂದಲೋ ಬರತಕ್ಕದ್ದು.

ಆ ಡಬ್ಬಿಗಳ ಸಾಲಿನಲ್ಲಿ ತೀರ ಹೊಸದಾಗಿ ಬಂದು ಕುಳಿತಿರುವುದು ಹೈಡ್ರೋಜನ್. 1766ರಲ್ಲಿ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷನು ಲೋಹಕ್ಕೆ ಆಮ್ಲ ತಾಗಿಸಿ ಹಿಡಿದು, ‘ಉರಿಯುವ ಗಾಳಿ’ಯೆಂದು ವರ್ಣಿಸಿದ ಆ ಅತಿ ಹಗುರವಾದ ಅನಿಲವನ್ನು ನೀರಿನಲ್ಲಿ ಬೆರೆಸಿ ಕುಡಿದರೆ ಆಯಾಸ ಕಡಿಮೆಯಾಗುವುದೆಂಬುದು ಈಗಿನ ವಾದ. ಮೊಬೈಲಿನಂತೆ ಚಾರ್ಜು ಮಾಡಿ ನೀರನ್ನು ವಿದ್ಯುತ್ತಿನಿಂದ ಒಡೆಯುವ ಬಾಟಲಿಗಳೂ, ನೀರಿಗೆ ಹಾಕಿದೊಡನೆ ಬುಸುಗುಟ್ಟುವ ಮೆಗ್ನೀಸಿಯಮ್ಮಿನ ಗುಳಿಗೆಗಳೂ ಇಂದು ನಿಪ್ಪಾಣಿಯ ಹುಡುಗನಿಗೂ ಮೊಬೈಲಿನ ಮೇಲೆ ಬೆರಳಾಡಿಸಿದರೆ ಮನೆಗೆ ಬರುತ್ತವೆ. ಇದರ ಹಿಂದೆ ಶಾಸ್ತ್ರವಿಲ್ಲವೆನ್ನುವಂತಿಲ್ಲ. 2007ರಲ್ಲಿ ಜಪಾನಿನ ಶಿಗೆಯೊ ಓಹ್ತಾ ಮತ್ತು ಸಂಗಡಿಗರು, ಮಿದುಳಿಗೆ ರಕ್ತ ನಿಂತು ಹೋಗಿ ಮತ್ತೆ ಹರಿದಾಗ ಆಗುವ ಹಾನಿಯನ್ನು ಇಲಿಗಳಲ್ಲಿ ಹೈಡ್ರೋಜನ್ನಿನ ಉಸಿರು ತಗ್ಗಿಸಿತೆಂದು ಪ್ರಕಟಿಸಿದರು. ಜೀವಕೋಶವನ್ನು ಸುಡುವ ಹೈಡ್ರಾಕ್ಸಿಲ್ ಎಂಬ ಅತ್ಯುಗ್ರ ಕಣವನ್ನಷ್ಟೇ ಅದು ಆರಿಸಿ ಶಮನಗೊಳಿಸುವುದೆಂಬುದು ಅವರ ವಿವರಣೆ. ಕಠಿಣ ವ್ಯಾಯಾಮದಲ್ಲಿಯೂ ಅಂಥ ಕಣಗಳು ಹುಟ್ಟುವುದರಿಂದ ಕ್ರೀಡಾಪಟುಗಳ ಮೇಲೆ ಅದನ್ನು ಪರೀಕ್ಷಿಸುವುದು ಮುಂದಿನ ಹೆಜ್ಜೆಯಾಯಿತು. 2012ರಲ್ಲಿ ಪ್ರಕಟವಾದ ಜಪಾನಿನದೇ ಒಂದು ಅಧ್ಯಯನದಲ್ಲಿ ಹತ್ತು ಜನ ಫುಟ್‌ಬಾಲ್ ಆಟಗಾರರು ಒಮ್ಮೆ ಹೈಡ್ರೋಜನ್ ನೀರನ್ನೂ ಇನ್ನೊಮ್ಮೆ ಬರಿಯ ನೀರನ್ನೂ, ಯಾವುದು ಯಾವುದೆಂದು ತಿಳಿಯದೆ, ಕುಡಿದು, ಅರ್ಧ ಗಂಟೆ ಸೈಕಲ್ ತುಳಿದು, ನೂರು ಸಲ ಮೊಣಕಾಲನ್ನು ಬಲವಾಗಿ ಚಾಚಿದರು. ಹೈಡ್ರೋಜನ್ ಕುಡಿದ ದಿನ ರಕ್ತದಲ್ಲಿ ಲ್ಯಾಕ್ಟೇಟಿನ ಏರಿಕೆ ಕಡಿಮೆಯಾಗಿತ್ತು, ಆರಂಭದಲ್ಲಿ ಸ್ನಾಯುಬಲದ ಕುಸಿತವೂ ತಗ್ಗಿತ್ತು.

ಹತ್ತೇ ಜನ. ಆಮೇಲೆ ನಡೆದ ಹಲವು ಚಿಕ್ಕ ಚಿಕ್ಕ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದ ಸಮೀಕ್ಷಕರು, ದಣಿವಿನ ಅನುಭವವೂ ಲ್ಯಾಕ್ಟೇಟೂ ಅಷ್ಟಿಷ್ಟು ಇಳಿಯುವುದೆಂದೂ, ದೀರ್ಘಕಾಲ ಓಡುವ ತ್ರಾಣವು ಮಾತ್ರ ಹೆಚ್ಚಿದ್ದು ಕಾಣಬರಲಿಲ್ಲವೆಂದೂ ಹೇಳುತ್ತಾರೆ. ಲ್ಯಾಕ್ಟೇಟೇ ದಣಿವಿಗೆ ಕಾರಣವೆಂಬ ಮಾತನ್ನೂ ಶಾಸ್ತ್ರಜ್ಞರು ಈಗ ಮೊದಲಿನಂತೆ ಒಪ್ಪುವುದಿಲ್ಲ. ಸ್ನಾಯುವು ಅದನ್ನೇ ಉರುವಲಾಗಿಯೂ ಬಳಸುತ್ತದೆ. ಆದರೂ ಒಂದು ವಿಷಯದಲ್ಲಿ ಹೊಸಬರಿಗೆ ಮನ್ನಣೆ ಸಲ್ಲಬೇಕು. ತಾಲೀಮಿನಲ್ಲಿ ಥಂಡಾಯಿ ಕುಡಿದವನನ್ನೂ ಬರಿಯ ಹಾಲು ಕುಡಿದವನನ್ನೂ ಹೀಗೆ ಎದುರುಬದುರಿಟ್ಟು ಅಳೆಯಬೇಕೆಂದು ಯಾವ ವಸ್ತಾದನಿಗೂ ತೋಚಲಿಲ್ಲ, ಯಾವ ಮಹಾರಾಜರಿಗೂ ತೋಚಲಿಲ್ಲ. ಗೆದ್ದವನು ಕುಡಿದದ್ದೇ ಒಳ್ಳೆಯದೆಂಬುದು ಅಲ್ಲಿಯ ತರ್ಕ.

ಇನ್ನು ಲೆಕ್ಕವೊಂದು ಉಳಿಯಿತು. ಸಾಮಾನ್ಯ ಒತ್ತಡದಲ್ಲಿ ಒಂದು ಲೀಟರು ನೀರಿನಲ್ಲಿ ಕರಗಬಲ್ಲ ಹೈಡ್ರೋಜನ್ ಸುಮಾರು 1.6 ಮಿಲಿಗ್ರಾಂ, ಅನಿಲರೂಪದಲ್ಲಿ ಅಳೆದರೆ 20 ಮಿಲಿಲೀಟರಿನಷ್ಟು. ಮುಚ್ಚಳ ತೆರೆದಿಟ್ಟರೆ ಅದೂ ಹಾರಿಹೋಗುತ್ತದೆ. ಇತ್ತ ಕಡಲೆಯಲ್ಲಿಯ ಜೀರ್ಣವಾಗದ ಶರ್ಕರಗಳೂ, ಹಾಲು ಅರಗದವರಲ್ಲಿ ಹಾಲಿನ ಸಕ್ಕರೆಯೂ ದೊಡ್ಡ ಕರುಳನ್ನು ಮುಟ್ಟಿದಾಗ, ಅಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಅವನ್ನು ಹುಳಿಯಿಸಿ ಇದೇ ಹೈಡ್ರೋಜನ್ನನ್ನು ಆ ಬಾಟಲಿಯ ಹಲವು ಪಟ್ಟು ಪ್ರಮಾಣದಲ್ಲಿ ಹುಟ್ಟಿಸುತ್ತವೆ. ಅದರ ಒಂದಂಶವು ರಕ್ತಕ್ಕಿಳಿದು ಉಸಿರಿನಲ್ಲಿ ಹೊರಬೀಳುವುದರಿಂದಲೇ, ಹಾಲು ಅರಗುವುದೋ ಇಲ್ಲವೋ ಎಂಬುದನ್ನು ವೈದ್ಯರು ರೋಗಿಯ ಉಸಿರಿನ ಹೈಡ್ರೋಜನ್ ಅಳೆದು ನಿರ್ಧರಿಸುವರು. ಹೀಗೆ ಕರುಳಿನಲ್ಲಿ ಹುಟ್ಟಿದ ಅನಿಲವು ಬಾಟಲಿಯದರಂತೆಯೇ ವರ್ತಿಸುವುದೆಂದು ಸಿದ್ಧವಾಗಿಲ್ಲ. ಅಷ್ಟಾದರೂ, ಮೊಳಕೆಗಡಲೆಯನ್ನು ಅಗಿದು ಚರಿಗೆ ಹಾಲು ಕುಡಿದು ಕಾಗವಾಡದ ತಾಲೀಮಿಗಿಳಿಯುತ್ತಿದ್ದ ಹುಡುಗನ ರಕ್ತದಲ್ಲಿ ಹೈಡ್ರೋಜನ್ನಿಗೆ ಬರವಿರಲಿಲ್ಲ; ಅದಕ್ಕೆ ಅವನ ತಾಯಿ ಬೇರೆ ದುಡ್ಡು ತೆತ್ತಿರಲೂ ಇಲ್ಲ. ಹೊಟ್ಟೆಯುಬ್ಬರವೆಂದು ವಸ್ತಾದನ ಮುಂದೆ ಗೊಣಗಿದ್ದರೆ, ಇನ್ನು ನೂರು ಬಸ್ಕಿ ಹೊಡೆದು ಬಾ ಎಂಬ ಉತ್ತರ ಸಿಕ್ಕುತ್ತಿತ್ತು.